ಮೋಟಾರಿಗಿ ಹಚ್ಚಿದ ಅರಿಶಿಣ

ಹಳೀ ಮೋಟಾರು ತಗೋಬೇಕು ಅನ್ನೋರು ನನ್ನ ಹತ್ರ ಬಂದ್ರ ಮೊದಲ ಹೇಳೂದು ಒಂದ ಮಾತು: ಹೇಳದ ಕೇಳದ ಹೋಗ್ರಿ, ಎಂಜಿನ್ ತಣ್ಣಗಿದ್ದಾಗ ಹೋಗ್ರಿ. "ನಾಳಿ ಬರ್ತೇವ್ರಿ" ಅಂತ ಮುಂಚೇನ ಹೇಳಿ ಕಳಿಸಿದ್ರ ಮಾರಾವ ನೀವು ಬರೂದ್ರಾಗ ಅದನ್ನ ಚಾಲೂ ಮಾಡಿ, ಬಿಸಿ ಮಾಡಿ, ಮುಖಾ ಒರಸಿ ನಿಲ್ಲಿಸಿರ್ತಾನ. ಬಿಸಿ ಎಂಜಿನ್ ಎಂಥಾ ಮುದಿ ಎಂಜಿನ್ ಇದ್ರೂ ಒಂದ ಸುತ್ತಿಗಿ ಶುರು ಆಗ್ತದ. ಬಾನೆಟ್ ಮ್ಯಾಲ ಅಂಗೈ ಇಟ್ಟು ನೋಡ್ರಿ. ಬೆಚ್ಚಗ ಹತ್ತಿದ್ರ ಚಾ ಕುಡದು ಮನಿಗಿ ಬಂದುಬಿಡ್ರಿ.

ಈಗಿನವ್ರು ಷೋಕಿಗಿ ತಗೋತಾರ. ಬಣ್ಣ ನೋಡ್ತಾರ, ಹೊಳಿಯೂ ಹಿತ್ತಾಳಿ ನೋಡ್ತಾರ, ಅದರ ಮುಂದ ನಿಂತು ಫೋಟೋ ತೆಗಸ್ಕೋತಾರ. ನನಗ ನೋಡಿ ಮೈ ಉರೀತದ. ಬಣ್ಣ ಯಾವಾಂವ ಬೇಕಾದ್ರೂ ಹಚ್ತಾನ್ರಿ! ಬಗ್ಗಿ ಕೆಳಗ ನೋಡ್ರಿ, ಮೋಟಾರು ನಿಂತ ನೆಲಾ ನೋಡ್ರಿ, ಅಲ್ಲಿ ಏನು ಸೋರ್ಯದ ನೋಡ್ರಿ. "ನಿಮಗ ಇದೆಲ್ಲಾ ಹ್ಯಾಂಗ ಗೊತ್ತು ಆಯಿ?" ಅಂತ ಒಬ್ಬ ಹುಡುಗ ಹಲ್ಲು ಕಿಸದ. ಸೀರಿ ಉಟ್ಟ ಮುದುಕಿಗಿ ರೇಡಿಯೇಟರ್ ಸುದ್ದಿ ಯಾಕ ಅಂತ ಅವನ ಮನಸ್ಸಿನಾಗ. ನಾನು ಅವನಿಗಿ ಹೇಳಿದ ಕತಿ ಇಲ್ಲಿ ಬರೀತೇನಿ.

ಪೊಲೀಸ್ ಆಕ್ಷನ್ ಆಗಿ ನಿಜಾಮನ ರಾಜ್ಯ ಹೋದ ಮುಂದಿನ ಬ್ಯಾಸಗಿ. ನಾವು ಭಾಲ್ಕಿಯವ್ರು. ಅಪ್ಪಂದು ಜ್ವಾಳ-ತೊಗರಿ ಆಡತಿ ಅಂಗಡಿ. ಅವ್ವ ತೀರಕೊಂಡು ಭಾಳ ದಿನ ಆಗಿತ್ತು. ನಾವು ಇಬ್ಬರ ಹೆಣ್ಮಕ್ಕಳು. ಅಕ್ಕನ್ನ ಔರಾದ ತಾಲೂಕಿನ ಡಾಬಕಾಕ್ಕ ಕೊಟ್ಟಿತ್ತು. ನನ್ನ ಮದವಿ ಗೊತ್ತಾಗಿತ್ತು, ಇನ್ನಾ ಆಗಿರಲಿಲ್ಲ.

ಅಕ್ಕನ ಚೊಚ್ಚಲ ಬಾಣಂತನ ನಮ್ಮ ಮನ್ಯಾಗ ಆಗಬೇಕಿತ್ತು. ಬ್ಯಾನಿ ಶುರು ಆದಾಗ ಸೂಲಗಿತ್ತಿ "ಆಗ್ತದ, ಆಗ್ತದ" ಅನಕೋತ ಕುಂತ್ಳು, ನಾವು ಅಕಿ ಮಾತು ನಂಬಿ ಕುಂತ್ವಿ. ಕೂಸು ಹೊಟ್ಟ್ಯಾಗ ಸತ್ತಿತು. ಆಮ್ಯಾಲ ರೈಲಿನಾಗ ಹಾಕ್ಕೊಂಡು ಬೀದರ ದವಾಖಾನಿಗಿ ಒಯ್ದು ಅಕ್ಕನ್ನ ಉಳಿಸ್ಕೊಂಡ್ವಿ. ಅಲ್ಲಿ ಒಬ್ಬ ಕ್ರಿಶ್ಚನ್ ನರ್ಸಬಾಯಿ, ಬೆಳ್ಳನ ಸೀರಿಯಾಕಿ, ಅಪ್ಪಗ ನಿಂದ್ರಿಸಿ ಹೇಳಿದ್ಳು: "ಇಕಿ ಟೊಂಕದ ಎಲುಬು ಸಣ್ಣದದ. ಮುಂದಿನ ಸಲ ಬ್ಯಾನಿ ಬರೂದು ಕಾಯಬ್ಯಾಡ್ರಿ. ದಿನ ತುಂಬೂದ್ರಾಗ ಇಲ್ಲಿ ತಂದು ಇಡ್ರಿ. ಇಲ್ಲಂದ್ರ ಕೂಸೂ ಇಲ್ಲ, ಇಕೀನೂ ಇಲ್ಲ." ಅಪ್ಪ ಅಂಗಡ್ಯಾಗ ಗಿರಾಕಿ ಮುಂದ ಕುಂತಾಗೂ ಒಮ್ಮೊಮ್ಮಿ ತಕ್ಕಡಿ ಹಂಗ ಹಿಡದು ಕುಂತುಬಿಡ್ತಿದ್ದ. ಅವ ಏನು ನೆನಸ್ಲಾಕತ್ತಾನ ಅಂತ ನನಗ ಗೊತ್ತಾಗ್ತಿತ್ತು.

ಈಗ ಅಕ್ಕ ಮತ್ತ ಬಸುರಿ. ಎಂಟರಾಗ ಬಿದ್ದಿದ್ಳು. ಅಕಿ ಅತ್ತಿ ಸಾಫ್ ಹೇಳಿಬಿಟ್ಟಿದ್ಳು: "ಒಂದು ನಿಮ್ಮ ಮನ್ಯಾಗ ನೋಡಿದ್ವಿ. ಇದು ನಮ್ಮ ಮನ್ಯಾಗ ಆಗಲಿ. ಬೀದರಕ್ಕ ಹೋಗಬೇಕಂದ್ರ ನಡುವ ಮಾಂಜ್ರಾ ಅದ. ಎಂಟರಾಗ ಬಿದ್ದಾಕಿ ಹೊಳಿ ದಾಟಬಾರದು." ಹೊಳಿ ದಾಟಬಾರದು ಅನ್ನೂದು ಆ ಕಡಿ ಎಲ್ಲಾರೂ ನಂಬಿದ್ದು. ಅತ್ತಿ ಕೆಟ್ಟಾಕಿ ಅಲ್ಲ, ಹಟದಾಕಿ. ಅಕ್ಕನ ಗಂಡ ಅವ್ವನ ಮುಂದ ಬಾಯಿ ತೆಗಿಯಾವಲ್ಲ. ಡಾಬಕಾದಿಂದ ಬೀದರಕ್ಕ ರೈಲಿಲ್ಲ, ಬಂಡಿ ಒಂದ. ಬ್ಯಾನಿ ಶುರು ಆದ ಮ್ಯಾಲ ಬಂಡ್ಯಾಗ ಹಾಕ್ಕೊಂಡು ಹೊಂಟ್ರ ಅಕ್ಕ ಹಾದ್ಯಾಗ ಸಾಯ್ತಾಳ. ಇಷ್ಟು ಲೆಕ್ಕ ನಮ್ಮೆಲ್ಲಾರಿಗಿ ಬರ್ತಿತ್ತು.

ಹಿಂಗಾಗಿ ಅಪ್ಪ ಮೋಟಾರು ತಗೋತೇನಿ ಅಂತ ಎದ್ದ. ಮಂದಿ ಮುಂದ "ಭಾಲ್ಕಿ-ಔರಾದ ಸರ್ವೀಸ್ ಓಡಸ್ತೇನಿ" ಅಂದ. ಆ ವರ್ಷ ಬೀದರಿನಾಗ ಹಳೀ ಮೋಟಾರು ಮಾರಾವ್ರು ಇದ್ರು. ನಿಜಾಮ ಸರಕಾರದಾಗ ದೊಡ್ಡ ನೌಕರಿ ಮಾಡಿದವ್ರು ಮನಿ ಖಾಲಿ ಮಾಡಿ ಹೈದರಾಬಾದಕ್ಕೋ ಇನ್ನೆಲ್ಲಿಗೋ ಹೊಂಟಿದ್ರು. ಚಿದ್ರಿ ಹಾದಿ ಮ್ಯಾಲ ಒಬ್ಬ ಬೇಗಂ ತನ್ನ ತೀರಕೊಂಡ ಗಂಡನ ಮೋಟಾರು ಮಾರ್ತಾಳ ಅಂತ ಸುದ್ದಿ ಬಂತು.

ನೋಡ್ಲಾಕ ಹೋದವ್ರು ಮೂರು ಮಂದಿ. ಅಪ್ಪ, ನಮ್ಮ ಸ್ವಾದರಮಾವ, ನಾನು. ಮಾವನ್ನ ಯಾಕ ಕರಕೊಂಡ್ವಿ ಅಂದ್ರ, ಎತ್ತು ಆರಸೂದ್ರಾಗ ಅವನಷ್ಟು ಹೆಸರು ಮಾಡಿದವ್ರು ನಮ್ಮ ಕಡಿ ಇರಲಿಲ್ಲ. ಎತ್ತು ನೋಡಾವಗ ಮೋಟಾರು ಏನು ದೊಡ್ಡದು ಅಂತ ಅವನ ಅಂದಿದ್ದ. ನನ್ನ ಯಾಕ ಅಂದ್ರ, ಬೇಗಂ ಪರದಾದಾಗ ಇರಾಕಿ. ಗಂಡಸರು ಒಳಗ ಹೋಗಂಗಿಲ್ಲ. ನನಗ ಮಗ್ಗಲ ಮನಿ ಹುಡುಗ್ಯಾರ ಕೂಡ ಆಡಿ ಆಡಿ ಹಿಂದುಸ್ತಾನಿ ಪಟಪಟ ಬರ್ತಿತ್ತು.

ಮೋಟಾರು ಹಸರು ಬಣ್ಣದ್ದು, ಮ್ಯಾಲ ಛತ್ತು ಇದ್ದದ್ದು, ವಿಲಾಯತಿದು. ಕೆಂಪು ಕಲ್ಲಿನ ಗ್ವಾಡಿ ಮಗ್ಗಲ ನಿಲ್ಲಿಸಿದ್ರು. ಡ್ರೈವರ ಒಬ್ಬ ಇದ್ದ. ನಡುವಯಸ್ಸಿನವ, ಎತ್ತರ, ಮುಖದ ಮ್ಯಾಲ ನಗೀನ ಇಲ್ಲ. ಹ್ಯಾಂಡಲ್ ಹಾಕಿ ಒಂದ ಸುತ್ತು ತಿರುವಿದ, ಭರ್ರ್ ಅಂತ ಶುರು ಆತು. ಅಪ್ಪನ ಮುಖ ಅರಳ್ತು. ಅದು ಮುಂಜಾನಿಂದ ಬಿಸಿ ಮಾಡಿಟ್ಟಿದ್ದು ಅಂತ ನಮಗೇನು ಗೊತ್ತು?

ಮಾವ ತನ್ನ ಕೆಲಸಾ ಶುರು ಮಾಡಿದ. ಸುತ್ತ ಮೂರು ಸಲ ತಿರಗಿದ. ಬೆನ್ನ ಮ್ಯಾಲ ಚಪ್ಪರಿಸಿದಂಗ ಬಾನೆಟ್ ಚಪ್ಪರಿಸಿದ. ಹಿಂದ ನಿಂತು ಗಾಲಿ ನಡಗಿ ನೋಡಬೇಕು ಅಂತ ಮುಂದ-ಹಿಂದ ನಡೆಸಿ ತೋರಿಸು ಅಂದ. ಒಂದು ಕಡಿ ವಾಲ್ತದೇನು ಅಂತ ಕಣ್ಣು ಕಿರಿದು ಮಾಡಿ ನೋಡಿದ. ಬಣ್ಣದಾಗ ಎಲ್ಲ್ಯಾದ್ರೂ ಕೆಟ್ಟ ಸುಳಿ ಕಾಣ್ತದೇನು ಅಂತ ಹುಡುಕಿದ ಅನಸ್ತದ, ನಾನು ಕೇಳಲಿಲ್ಲ. ಕಡೀಗಿ ಮುಂದ ಬಂದು ಮಾರಿ ಕಡಿ ಬಗ್ಗಿದ. ಅಲ್ಲಿ ಜಾಳಿಗಿ ಕೆಳಗ ಹಿತ್ತಾಳಿ ಮ್ಯಾಲ ಹಳದಿ ಹಳದಿ ಹತ್ತಿತ್ತು. ಬೆರಳಿಲೆ ಮುಟ್ಟಿದ, ಮೂಸಿ ನೋಡಿದ. ಅರಿಶಿಣ!

"ನೋಡ್ರಿ ಭಾವ, ನೋಡ್ರಿ! ಸಾಬರ ಮನ್ಯಾಗಿದ್ರೂ ಮೋಟಾರಿಗಿ ಅರಿಶಿಣ ಹಚ್ಚಿ ಪೂಜಿ ಮಾಡ್ಯಾರ. ಹಿಂಗ ನೋಡ್ಕೊಂಡ ದನಾ... ಮೋಟಾರು ಕೈ ಬಿಡಂಗಿಲ್ಲ. ತಗೋರಿ ಕಣ್ಣು ಮುಚ್ಚಿ." ಮಾವ ಎರಡೂ ಕೈಲೆ ಮೋಟಾರಿಗಿ ನಮಸ್ಕಾರ ಮಾಡಿದ. ಡ್ರೈವರ ಆ ಕಡಿ ಮುಖ ಮಾಡಿ ನಿಂತ.

ನಮ್ಮಪ್ಪಗೂ ಭಾಳ ಛಲೋ ಅನಸ್ತು. "ಒಳಗ ಹೋಗಿ ಅಮ್ಮಾರ ಕೂಡ ಮಾತಾಡು, ಯಾಕ ಮಾರ್ತಾರ ಕೇಳು" ಅಂತ ನನ್ನ ಕಳಿಸಿದ.

ಒಳಗ ದೊಡ್ಡ ಪಡಸಾಲಿ, ಅರ್ಧಕ್ಕರ್ಧ ಖಾಲಿ. ಪೆಟಗಿ ಕಟ್ಟಿ ಇಟ್ಟಿದ್ರು. ಬೇಗಂ ತಖ್ತಾದ ಮ್ಯಾಲ ಕುಂತಿದ್ಳು. ವಯಸ್ಸಾದಾಕಿ, ಬಿಳೀ ಓಢಣಿ, ಕೈ ಬರಿಗೈ. ನಾವು ಅವರ ಮನ್ಯಾಗ ನೀರು ಕುಡಿಯಂಗಿಲ್ಲ ಅಂತ ಅಕಿಗೂ ಗೊತ್ತಿತ್ತು. ಅದಕ್ಕ ಸಿಪ್ಪಿ ಇದ್ದ ಬಾಳಿಹಣ್ಣು, ಒಂದು ಪೊಟ್ಟಣ ಸಕ್ಕರಿ ನನ್ನ ಮುಂದ ಇಟ್ಟು, "ತಗೋ ಬೇಟಿ, ಇದಕ್ಕ ಮೈಲಿಗಿ ಇಲ್ಲ" ಅಂದ್ಳು. ಅಂದದ್ದರಾಗ ಚುಚ್ಚೂದು ಇರಲಿಲ್ಲ.

ನಾನು ಮಾತಿಗಿ ಮಾತು ಬೇಕಂತ ಅಂದೆ: "ಅಮ್ಮಾ, ನೀವೂ ನಮ್ಮಂಗ ಮೋಟಾರಿಗಿ ಅರಿಶಿಣ ಹಚ್ಚಿ ಪೂಜಿ ಮಾಡ್ತೀರಿ. ನೋಡಿ ನಮ್ಮ ಮಾವಗ ಭಾಳ ಖುಷಿ ಆತು."

ಬೇಗಂ ನನ್ನ ಮುಖಾನ ನೋಡಿದ್ಳು. ಆಮ್ಯಾಲ ನಗ್ಲಾಕ ಶುರು ಮಾಡಿದ್ಳು. ಎಂಥಾ ನಗಿ ಅಂತೀರಿ! ಓಢಣಿ ಬಾಯಾಗ ತುರುಕ್ಕೊಂಡು, ತಖ್ತಾ ಅಲಗ್ಯಾಡೂ ಹಂಗ ನಕ್ಕಳು. ಕಣ್ಣಾಗ ನೀರು ಬಂತು. ಬಾಗಲದಾಗ ನಿಂತಿದ್ದ ಮುದಿ ದಾಯಿ ಗಾಬರ್‍ಯಾಗಿ ಒಳಗ ಓಡಿ ಬಂದ್ಳು. ನನಗ ಮೊದಲು ಸಿಟ್ಟು ಬಂತು, ಆಮ್ಯಾಲ ನಾನೂ ನಕ್ಕೆ, ಯಾಕ ಅಂತ ಗೊತ್ತಿಲ್ಲದ.

ಉಸಿರು ತಗೊಂಡು ಕೇಳಿದ್ಳು: "ಮೋಟಾರು ಯಾತಕ್ಕ ಬೇಕು ನಿಮಗ?"

ಸರ್ವೀಸ್ ಅಂತ ಹೇಳು ಅಂತ ಅಪ್ಪ ಹೇಳಿ ಕಳಿಸಿದ್ದ. ನನಗ ಆ ಮಾತು ಬಾಯಾಗ ಬರಲಿಲ್ಲ. ಅಕ್ಕಂದು ಎಲ್ಲಾ ಹೇಳಿಬಿಟ್ಟೆ. ಸತ್ತ ಕೂಸು, ನರ್ಸಬಾಯಿ ಹೇಳಿದ್ದು, ಅತ್ತಿ ಹಟ, ಹೊಳಿ. ಹೇಳಕೋತ ಹೇಳಕೋತ ಅಳು ಬಂತು. ಅಲ್ಲೀತನಕ ಯಾರ ಮುಂದೂ ಅತ್ತಿರಲಿಲ್ಲ.

ಬೇಗಂ ನಗೂದು ನಿಲ್ಲಿಸಿದ್ಳು. ಈ ಮೋಟಾರು ಮಾರಿದ್ರ ಮಗಳ ಹತ್ರ ಹೈದರಾಬಾದಕ್ಕ ಹೋಗೂದು, ಮಾರದಿದ್ರ ಈ ಮನ್ಯಾಗಿಂದ ಎಲ್ಲಿಗಿ ಹೋಗೂದೂ ಗೊತ್ತಿಲ್ಲ ಅಂತ ಮೊದಲ ಅಕೀನ ಹೇಳಿದ್ಳು. ಆಮ್ಯಾಲ ಅಂದ್ಳು: "ನಾನು ಏಳು ಹಡದೀನಿ ಬೇಟಿ. ಉಳಿದದ್ದು ಒಂದ. ಅದಕ್ಕ ನಿನಗ ಸುಳ್ಳು ಹೇಳ್ಲಾಕ ನನ್ನ ನಾಲಗಿ ಏಳವಲ್ದು. ಅದು ಪೂಜಿ ಅಲ್ಲ. ಮೋಟಾರಿನ ನೀರಿನ ಡಬ್ಬಿ ತೂತು ಬಿದ್ದದ. ಗಿರಾಕಿ ಬರ್ತಾರಂದ್ರ ಡ್ರೈವರ ನನ್ನ ಅಡಗಿ ಮನ್ಯಾಗಿಂದ ಒಂದು ಮುಟಗಿ ಅರಿಶಿಣ ಒಯ್ದು ಅದರಾಗ ಹಾಕ್ತಾನ. ಅದು ಹೋಗಿ ತೂತಿನಾಗ ಕೂಡ್ತದ, ಜರಾ ಹೊತ್ತು ಸೋರೂದು ನಿಲ್ತದ. ಹಂಗ ಒಯ್ದ್ರ ನಿಮ್ಮಕ್ಕ ಅರ್ಧ ಹಾದ್ಯಾಗ ಇಳದು ಕೂಡಬೇಕಾಗ್ತದ. ತಗೋಬ್ಯಾಡ್ರಿ."

ನಾನು ಹೊರಗ ಬಂದು ಅಪ್ಪಗ ಕನ್ನಡದಾಗ ಹೇಳಿದೆ. ಮಾವನ ಮುಖ ನೋಡಬೇಕಿತ್ತು! ಈಗೀಗ ನಮಸ್ಕಾರ ಮಾಡಿದ ಕೈ ಎಲ್ಲಿ ಇಡಬೇಕು ತಿಳೀಲಿಲ್ಲ ಅವಗ. ಡ್ರೈವರನ ಮ್ಯಾಲ ಹರಿಹಾಯ್ದ. "ಏನ್ರೀ ಸಾಬ್ರ, ಬಸುರಿ ಹೆಣ್ಣಮಗಳು ಕೂಡೂ ಗಾಡ್ಯಾಗ ಅರಿಶಿಣ ತುಂಬಿ ಮಾರ್ತೀರಿ? ದೇವರು ಮೆಚ್ತಾನೇನು?"

ಡ್ರೈವರ ಕೆಂಡ ಆದ. ನಮ್ಮ ಮ್ಯಾಲ ಅಲ್ಲ, ಬೇಗಂ ಮ್ಯಾಲ. ತಾನು ಅಷ್ಟು ಕಷ್ಟಪಟ್ಟು ಮಾರ್ಲಾಕ ಹತ್ತಿದ್ದು ಮಾಲಕೀನ ಕೆಡಿಸಿದ್ಳು ಅಂತ. "ಆತು! ಅವರು ಒಂದು ಹೇಳಿದ್ರಲ್ಲಾ, ಉಳಿದದ್ದು ನಾನು ಹೇಳ್ತೇನಿ, ಬರ್ರಿ!" ಅಂತ ಮೋಟಾರಿನ ಬಾಗಲಾ ದಬ್ಬ್ ಅಂತ ತೆಗದ. ಬಾಗಲದ ಕಟ್ಟಿಗಿ ಚೌಕಟ್ಟಿನ ಸಂದ್ಯಾಗ ಉಗರು ಹಾಕಿದ, ಪುಡಿ ಉದುರ್ತು. "ಗೆದ್ದಲಿ. ನೋಡ್ರಿ. ಈ ಮೋಟಾರಿನ ಮೈಯೊಳಗ ಅರ್ಧ ಕಟ್ಟಿಗಿ ಇರ್ತದ, ತಗಡು ನೋಡಿ ಮೋಸ ಹೋಗಬ್ಯಾಡ್ರಿ." ಎಡಗಡಿ ಗಾಲಿ ಹತ್ರ ಕುಂತ. "ಸ್ಪ್ರಿಂಗ್ ಪಟ್ಟಿ ಒಂದು ಮುರದದ, ಹಗ್ಗಾ ಸುತ್ತೀನಿ, ಮ್ಯಾಲ ಮಸಿ ಬಳದೀನಿ." ಟೈರಿನ ಮಗ್ಗಲಿಗಿ ಬೆರಳಿಟ್ಟ. "ಇಲ್ಲಿ ಸೀಳ್ಯದ, ಒಳಗ ಹಳೀ ಟೈರಿನ ತುಂಡು ಇಟ್ಟೀನಿ. ಬ್ರೇಕ ಹಾಕಿದ್ರ ಬಲಕ್ಕ ಎಳೀತದ. ಇನ್ನೇನು ಬೇಕು? ಹಾರ್ನ್ ಒಂದು ಛಲೋ ಅದ. ಒಯ್ರಿ!"

ನಾನು ಆವತ್ತು ಕಲತದ್ದು ಮುಂದ ಯಾವ ಸಾಲ್ಯಾಗೂ ಕಲೀಲಿಲ್ಲ. ಅವ ಸಿಟ್ಟಿನಾಗ ಬೆರಳು ಮಾಡಿ ತೋರಿಸಿದ ಒಂದೊಂದು ಜಾಗಾನ ಮುಂದ ನಾನು ಎಲ್ಲಾ ಮೋಟಾರಿನಾಗ ಮೊದಲ ಹೋಗಿ ನೋಡ್ತಿದ್ದೆ. ಗೆದ್ದಲಿಗಿ ನಾನು ಕೂದಲ ಪಿನ್ನು ಚುಚ್ತಿದ್ದೆ, ಉಗರಿಗಿಂತ ಛಲೋ.

ಅಪ್ಪ ಮಾತ್ರ ಸಿಟ್ಟಿಗಿ ಬರಲಿಲ್ಲ. ಡ್ರೈವರನ ಮಗ್ಗಲ ಕುಕ್ಕರಗಾಲಿಲೆ ಕುಂತು ಕೇಳಿದ: "ಎಂಜಿನ್ ಹ್ಯಾಂಗದ?"

"ಎಂಜಿನ್ನಿಗಿ ಏನೂ ಆಗಿಲ್ಲ ಸಾವಕಾರ್ರ. ನಾನ ಇಷ್ಟು ವರ್ಷ ಎಣ್ಣಿ ಬದಲಿ ಮಾಡೀನಿ. ಡಬ್ಬಿ ಬೆಸಗಿ ಹಾಕಿಸಿ, ಪಟ್ಟಿ ಬದಲಿ ಮಾಡಿದ್ರ ಓಡ್ತದ."

"ಔರಾದ ದಾಟಿ ಡಾಬಕಾಕ್ಕ ಹೋಗಿ ಬರ್ತದ?"

ಡ್ರೈವರ ಥಟ್ಟಂತ ಎದ್ದು ನಿಂತ. "ಅದು ಬರ್ತದ. ನಾನು ಬರಂಗಿಲ್ಲ."

ಅವನ ತಮ್ಮನ್ನ ಪೊಲೀಸ್ ಆಕ್ಷನ್ ಗಲಾಟ್ಯಾಗ ಔರಾದ ಕಡಿ ಒಂದು ಹಳ್ಳ್ಯಾಗ ಕೊಂದಿದ್ರು. ಅವತ್ತಿಂದ ಅವ ಬೀದರ ಬಿಟ್ಟು ಹೊರಗ ಕಾಲಿಟ್ಟಿರಲಿಲ್ಲ. ನಮ್ಮ ಅಂಗಡೀನೂ ಅದಕ್ಕಿಂತ ಮುಂಚೆ ನಿಜಾಮನ ಕಡಿ ರಜಾಕಾರರು ಒಡದಿದ್ರು, ಅಪ್ಪನ ತಲಿ ಮ್ಯಾಲ ಇನ್ನಾ ಗಾಯದ ಕಲೆ ಇತ್ತು. ಭಾಲ್ಕ್ಯಾಗ ಮೋಟಾರು ನಡಸಾವ ಬ್ಯಾರೆ ಒಬ್ಬನೂ ಇರಲಿಲ್ಲ.

"ನಾನು ನಿಮ್ಮ ಮಗ್ಗಲ ಮುಂದ ಕೂಡ್ತೇನಿ. ಹೋಗುವಾಗೂ, ಬರುವಾಗೂ. ಯಾರು ಬಂದ್ರೂ ಮೊದಲು ನನ್ನ ಇಳಸಬೇಕು" ಅಂದ ಅಪ್ಪ. ಡ್ರೈವರ ಬಗ್ಗಿ ಹಿತ್ತಾಳಿ ಮ್ಯಾಲಿನ ಅರಿಶಿಣ ತನ್ನ ತೋಳಿನ ಬಟ್ಟಿಲೆ ಒರಸ್ಲಾಕ ಹತ್ತಿದ.

ಮುಂದಿನ ವಾರ ಮತ್ತ ಹೋದ್ವಿ. ಅಷ್ಟರಾಗ ಬೀದರಿನ ಒಬ್ಬ ತಾಮ್ರಗಾರ ರೇಡಿಯೇಟರ್ ಬಿಚ್ಚಿ ಬೆಸಗಿ ಹಾಕಿದ್ದ, ಕಮ್ಮಾರ ಪಟ್ಟಿ ಕೂಡಿಸಿದ್ದ. ಬೇಗಂ ತಾನ ಹೇಳಿಟ್ಟಿದ್ಳಂತ, ನಾವು ಬರೂತನಕ ಯಾರೂ ಮೋಟಾರು ಚಾಲೂ ಮಾಡಬಾರದು ಅಂತ. ನಾನು ಬಾನೆಟ್ ಮ್ಯಾಲ ಅಂಗೈ ಇಟ್ಟೆ, ಮಣ್ಣಿನ ಕೊಡದಂಗ ತಣ್ಣಗಿತ್ತು. ಹ್ಯಾಂಡಲ್ ಹಾಕಿದ್ರು. ಒಂದು ಸುತ್ತಿಗಿ ಏಳಲಿಲ್ಲ. ಎರಡಕ್ಕ ಕೆಮ್ಮಿತು. ಮಾವ ಕಣ್ಣು ಮುಚ್ಚಿದ. ಮೂರನೇದಕ್ಕ ಎದ್ದಿತು. ಎದ್ದಿದ್ದು ನಿಲ್ಲಲಿಲ್ಲ. ಹೊಗಿ ಮೊದಲು ಜರಾ ನೀಲಿ ಬಂತು, ಆಮ್ಯಾಲ ತಿಳಿ ಆತು. ಕೆಳಗ ಹಾಸಿದ ಬಿಳೀ ಧೋತ್ರದ ಮ್ಯಾಲ ಒಂದ ಒಂದು ಹನಿ ಎಣ್ಣಿ, ಅಷ್ಟ.

ವ್ಯಾಪಾರ ಹ್ಯಾಂಗಾತು ಅನ್ನೂದು ಹೇಳಬೇಕು. ನಮ್ಮ ದನದ ಸಂತ್ಯಾಗ ಬಾಯಿಲೆ ರೇಟು ಮಾತಾಡಂಗಿಲ್ಲ. ಟವಲ್ ಕೆಳಗ ಒಬ್ಬರ ಬೆರಳು ಒಬ್ಬರು ಹಿಡದು ಒತ್ತಿ ಹೇಳ್ತಾರ. ಮಾವಗ ಬ್ಯಾರೆ ರೀತಿ ಗೊತ್ತಿಲ್ಲ. ಆದ್ರ ಮಾಲಕಿ ಪರದಾದ ಹಿಂದ, ಅಕಿ ಕೈ ಹಿಡಿಯಂಗಿಲ್ಲ! ಕಡೀಗಿ ನನ್ನ ಕೈ ನಡುವ ಬಂತು. ಮಾವ ಟವಲಿನ ಕೆಳಗ ನನ್ನ ಬೆರಳು ಒತ್ತಾವ, ನಾನು ಒಳಗ ಓಡಿ ಹೋಗಿ ಬೇಗಂ ಓಢಣಿ ಕೆಳಗ ಅಕಿ ಬೆರಳು ಒತ್ತಾಕಿ. ಅಕಿ ಒಂದು ಬೆರಳು ಹೆಚ್ಚು ಒತ್ತಿ ಕಳಸಾಕಿ. ಪಡಸಾಲ್ಯಾಗ ಓಡಿ ಓಡಿ ನನ್ನ ಕಾಲು ಬಿದ್ದುಹೋದ್ವು. ದನದ ಸಂತಿ ಕಾಣದ ಬೇಗಂ ಎರಡ ಸಲದಾಗ ಬರೋಬರಿ ಕಲತುಬಿಟ್ಳು. ಒಂದು ಪೈ ಧರ್ಮಕ್ಕ ಬಿಡಲಿಲ್ಲ, ಹೆಚ್ಚೂ ತಗೋಲಿಲ್ಲ. ಆ ರೇಟು ಎಷ್ಟು ಅಂತ ನಾನು ಇವತ್ತಿಗೂ ಹೇಳಂಗಿಲ್ಲ, ಅದು ಸಂತಿ ನೇಮ.

ಕೈ ಬಿಡುವಾಗ ಬೇಗಂ ಅಂದ್ಳು: "ನಿಮ್ಮಕ್ಕನ್ನ ಇಲ್ಲೇ ತಂದು ಇಡ್ರಿ. ದವಾಖಾನಿ ಹತ್ರ ಅದ. ಹಿಂದ ಎರಡು ಖೋಲಿ ಖಾಲಿ ಅವ. ಒಲಿ ನಿಮ್ಮದು, ನೀರು ನಿಮ್ಮದು, ನಾನು ಆ ಕಡಿ ಬರಂಗಿಲ್ಲ. ಅಕಿ ಹಡಿಯೂತನಕ ನಾನೂ ಹೈದರಾಬಾದಕ್ಕ ಹೋಗಂಗಿಲ್ಲ."

ಬೀದರಿನಾಗ ನಮಗ ಇಳಿಯಾಕ ಒಂದು ಬಳಗ ಇರಲಿಲ್ಲ. ಅಪ್ಪ ಅಂಗಳದಾಗ ಆ ಕಡಿಂದ ಈ ಕಡಿ ತಿರಗಿದ. ಆ ವರ್ಷ, ಸಾಬರ ಮನ್ಯಾಗ ಮಗಳ ಬಾಣಂತನ ಅಂದ್ರ ಮಂದಿ ಏನಂದಾರು ಅನ್ನೂದು ಸಣ್ಣ ಮಾತಲ್ಲ. "ಮಂದಿ ಆಡ್ಕೊಳ್ಳಿ, ಮಗಳು ಇದ್ರ ಸಾಕು" ಅಂತ ಗಟ್ಟಿಯಾಗಿ ಅಂದ, ಪರದಾದ ಒಳಗೂ ಕೇಳೂ ಹಂಗ.

ಇನ್ನ ಅತ್ತಿ ಕೈಯಾಗಿಂದ ಅಕ್ಕನ್ನ ಬಿಡಿಸಿ ತರೂದು. ಅದಕ್ಕ ಉಪಾಯ ಮಾಡಿದಾವ ನಮ್ಮ ಪೂಜಿ ಮಾವನ. "ಹೊಸಾ ಗಾಡಿ ತಗೊಂಡ್ರ ಮೊದಲು ಮನಿ ಮಗಳು ಕೂಡಬೇಕು, ಅದೂ ತುಂಬಿದ ಬಸುರಿ ಕೂತ್ರ ಇನ್ನಾ ಛಲೋ. ಈ ಮಾತಿಗಿ ಯಾವ ಅತ್ತಿ ಬ್ಯಾಡ ಅಂತಾಳ ನೋಡೂನು." ಖರೇನ ಅದು ನಮ್ಮ ಕಡಿ ಪದ್ಧತಿ. ಬಂಡಿ ತಂದ್ರೂ ಹಂಗ, ಎತ್ತು ತಂದ್ರೂ ಮಗಳ ಕೈಲೆ ಆರತಿ.

ಡಾಬಕಾಕ್ಕ ಹೋದ್ವಿ. ಬ್ಯಾಸಗಿ, ಕರೀ ನೆಲದ ಬಂಡಿ ಹಾದಿ ಒಣಗಿ ಕಲ್ಲಾಗಿತ್ತು. ಅಪ್ಪ ಮಾತು ಕೊಟ್ಟಂಗ ಮುಂದ ಕುಂತಿದ್ದ. ಔರಾದ ದಾಟುವಾಗ ಡ್ರೈವರ ಎಡಕ್ಕೂ ನೋಡಲಿಲ್ಲ, ಬಲಕ್ಕೂ ನೋಡಲಿಲ್ಲ. ಅವನ ಕುತ್ತಿಗಿ ಹಿಂದ ಬೆವರು ಇಳೀಲಾಕತ್ತಿದ್ದು ನನಗ ಕಾಣ್ತಿತ್ತು.

ಡಾಬಕಾದಾಗ ಊರಿಗಿ ಊರೇ ಮೋಟಾರು ನೋಡ್ಲಾಕ ಕೂಡ್ತು. ಅತ್ತಿ ತಾನ ಕಾಯಿ ಒಡದ್ಳು, ಗಾಲಿ ಕೆಳಗ ಲಿಂಬಿಹಣ್ಣು ಇಟ್ಳು, ಮುಂದ ಅರಿಶಿಣ-ಕುಂಕುಮ ಹಚ್ಚಿದ್ಳು. ಹಚ್ಚುವಾಗ ಮಾವ ನನ್ನ ಕಡಿ ನೋಡಲಿಲ್ಲ. "ಊರ ಹೊರಗ ಗುಡೀತನಕ ಹೋಗಿ ಬರ್ತೇವ್ರಿ" ಅಂದ ಅಪ್ಪ. "ಲಗೂ ಬರ್ರಿ, ಅಕಿಗಿ ಬಿಸಲು ಬಡದೀತು" ಅಂದ್ಳು ಅತ್ತಿ. ಅಕ್ಕ ಬಂದು ಕುಂತ್ಳು. ಮುಖ ಬಾತಿತ್ತು, ಕೈ ಕಡ್ಡಿ ಆಗಿದ್ವು. ನನ್ನ ನೋಡಿ ನಕ್ಕಳು.

ಮೋಟಾರು ಹೊಂಡೂದ್ರಾಗ ಅಕ್ಕನ ಗಂಡ ಮನ್ಯಾಗಿಂದ ಓಡಕೋತ ಬಂದ. ಕೈಯಾಗ ಒಂದು ಕೌದಿ, ಅದರಾಗ ಸುತ್ತಿದ ಗಂಟು. "ಸೀಟು ಗಟ್ಟಿ ಇರ್ತದ, ಕೆಳಗ ಹಾಕ್ಕೋ" ಅಂತ ಕಿಡಕ್ಯಾಗಿಂದ ಕೊಟ್ಟ. ಗಂಟು ಬಿಚ್ಚಿದಾಗ ಅದರಾಗ ಅಕ್ಕನ ಸೀರಿ, ಕುಬಸ, ಕೂಸಿಗಿ ಅಂತ ಹೊಲದ ಕುಂಚಗಿ ಇದ್ವು. ಗುಡೀತನಕ ಹೋಗಾಕಿಗಿ ಇದೆಲ್ಲಾ ಯಾಕ? ಯಾರೂ ಹೇಳದ ಅವಗ ಗೊತ್ತಾಗಿತ್ತು. ಅವ್ವನ ಮುಂದ ಬಾಯಿ ತೆಗಿಯಲಾರದಾವ ಅಷ್ಟು ಮಾಡಿದ್ದ.

ಗುಡಿ ಬಂತು, ಹಿಂದ ಉಳೀತು. ಹುಡುಗರು ಕೂಗಕೋತ ಓಡಿ ಬರ್ತಿದ್ದವ್ರು ಒಬ್ಬೊಬ್ಬರಾಗಿ ನಿಂತ್ರು.

"ಅಪ್ಪಾ, ಗುಡಿ ಹೋತು" ಅಂದ್ಳು ಅಕ್ಕ.

"ಬೀದರಕ್ಕ ಹೊಂಟೀವಿ ಯವ್ವಾ" ಅಂದ ಅಪ್ಪ, ಹಿಂದ ತಿರಗಿ ನೋಡದನ.

ಅಕ್ಕ ಬೈತಾಳ, ಇಳಸು ಅಂತಾಳ ಅಂತ ನಾನು ತಿಳಕೊಂಡಿದ್ದೆ. ನನ್ನ ಮಣಿಕಟ್ಟು ಹಿಡದ್ಳು, ಬಳಿ ಒಡದು ಚುಚ್ಚೂ ಹಂಗ. ಆಮ್ಯಾಲ ಸಣ್ಣ ಧ್ವನಿಲೆ ಅಂದ್ಳು: "ನಾ ಈ ಸಲ ಸಾಯ್ತೀನಿ ಅಂತ ತಿಳಕೊಂಡು ಕುಂತಿದ್ದೆ ಅಪ್ಪಾ. ಯಾರ ಮುಂದ ಹೇಳಲಿ? ತಿರಗಬ್ಯಾಡ. ಏನಾದ್ರೂ ಆಗಲಿ, ತಿರಗಬ್ಯಾಡ." ಅಪ್ಪ ಟವಲ್ ತಗೊಂಡು ಮುಖ ಒರಸ್ಕೊಂಡ. ಡ್ರೈವರ ಮೋಟಾರು ಇನ್ನಾ ಜೋರು ಬಿಟ್ಟ.

ಹಾದ್ಯಾಗ ಒಂದು ಟೈರು ಹೋತು, ಬದಲಿ ಹಾಕಿದ್ವಿ. ಯಾರೂ ಅಡ್ಡ ಬರಲಿಲ್ಲ. ಮಾಂಜ್ರಾ ದಂಡಿಗಿ ರೇಡಿಯೇಟರಿನ ನೀರು ಕುದ್ದು ಹೊಗಿ ಎದ್ದಿತು. ಮಾವ ತಂಬಗಿ ಹಿಡಕೊಂಡು ಹೊಳಿಗಿ ಓಡಿ ಓಡಿ 'ತಾಯಿ, ಮಾಫ್ ಮಾಡು' ಅನಕೋತ ನೀರು ತಂದ. ಬೆಸಗಿ ಹಿಡದಿತ್ತು, ಒಂದು ಹನಿ ಸೋರಲಿಲ್ಲ. ಬರೇ ಬಿಸಲಿಗಿ ಕುದ್ದಿತ್ತು. ಹೊಳಿ ದಾಟಿದ್ವಿ.

ಬೇಗಂ ಮನಿ ಹಿಂದಿನ ಖೋಲ್ಯಾಗ ನಾನು ಅಡಗಿ ಮಾಡ್ತಿದ್ದೆ, ಅಕ್ಕ ಮಲಕೊಂಡಿರ್ತಿದ್ಳು. ಬೇಗಂ ಮಾತು ಕೊಟ್ಟಂಗ ಒಲಿ ಕಡಿ ಬರಲಿಲ್ಲ. ದಿನಾ ಬಾಗಲದಾಚಿ ಕುರ್ಚಿ ಹಾಕಿಸ್ಕೊಂಡು ಕುಂತು ಅಕ್ಕನ ಕೂಡ ಮಾತಾಡ್ತಿದ್ಳು. ದಿನ ತುಂಬಿದಾಗ ನರ್ಸಬಾಯಿ ಬಂದು ನೋಡಿ, ನಡಿ ಅಂತ ದವಾಖಾನಿಗಿ ಕರಕೊಂಡು ಹೋದ್ಳು. ಹೊಟ್ಟಿ ಕೊಯ್ಯಬೇಕಾತು. ಕೂಸು ಹೆಣ್ಣು, ಹುಟ್ಟಿದಾಗಿಂದ ಅತ್ತದ್ದೇ ಅತ್ತದ್ದು. ಅಕ್ಕ ಎರಡು ದಿನ ಕಣ್ಣು ಸರೀಗಿ ಬಿಡಲಿಲ್ಲ, ಮೂರನೇ ದಿನ ಹಸಿವಿ ಅಂದ್ಳು. ಅಪ್ಪ ದವಾಖಾನಿ ಪಾವಟಗಿ ಮ್ಯಾಲ ಕುಂತು ಮಂದಿ ಮುಂದ ಸಣ್ಣ ಹುಡುಗನಂಗ ಅತ್ತ.

ಸಾಬರ ಮನಿಗಿ ನಾ ಬರಂಗಿಲ್ಲ ಅಂತ ಅಲ್ಲೀತನಕ ಹಟ ಹಿಡದು ಕುಂತಿದ್ದ ಅತ್ತಿ ಬಂದದ್ದು ಆವತ್ತ. ಡಾಬಕಾದಿಂದ ಬಂಡ್ಯಾಗ, ಮಗನ್ನ ಹಿಂದ ಕುಂಡ್ರಿಸ್ಕೊಂಡು. ಸಿಟ್ಟಿಲೆ ಸೆರಗು ಸೊಂಟಕ್ಕ ಸಿಗಸಿದ್ಳು. ದವಾಖಾನಿ ಒಳಗ ಬಂದಾಕಿನ ಶುರು ಮಾಡಿದ್ಳು: ಗುಡಿ ಅಂತ ಸುಳ್ಳು ಹೇಳಿದ್ರಿ, ಹೊಳಿ ದಾಟಿಸಿದ್ರಿ, ಸಾಬರ ಮನ್ಯಾಗ ಇಟ್ಟ್ರಿ, ನಮ್ಮ ಮಾನ ತೆಗದ್ರಿ. ಇನ್ನ ಇಕಿ ನಮ್ಮ ಮನಿ ಹೊಸ್ತಿಲಾ ತುಳಿಯೂದು ಬ್ಯಾಡ. ಅಪ್ಪ ಕೈ ಮುಗದು ನಿಂತಿದ್ದ.

ಅಕ್ಕ ಅತ್ತಿ ಮುಂದ ಎಂದೂ ಎದುರು ಮಾತಾಡಿದಾಕಿ ಅಲ್ಲ. ಮಲಕೊಂಡಲ್ಲೇ ಕೈ ಎತ್ತಿದ್ಳು.

"ಅತ್ತಿ, ನಾ ನಿಮ್ಮ ಮನಿಗಿ ಬರ್ತೇನ್ರಿ. ಬರ್ಲಾಕಂತ ನಾ ಇಲ್ಲಿಗಿ ಬಂದೀನಿ. ಅಲ್ಲೇ ಇದ್ದಿದ್ರ ನೀವು ನನ್ನ ಇಷ್ಟೊತ್ತಿಗಿ ಮಣ್ಣು ಮಾಡಿ, ಮಗಗ ಬ್ಯಾರೆ ಹೆಣ್ಣು ನೋಡ್ಲಾಕ ಹೊಂಟಿರ್ತಿದ್ರಿ."

ಮಗ ಹಿಂದಿನಿಂದ ಮುಂದ ಬಂದು, ಅವ್ವನ್ನ ದಾಟಿ, ಅಕ್ಕನ ಕಾಲದಸಿಗಿ ಕುಂತ. ಅತ್ತಿ ಸೊಂಟಕ್ಕ ಸಿಗಸಿದ ಸೆರಗು ಬಿಚ್ಚಿ, ಎರಡೂ ಕೈ ಮುಂದ ಚಾಚಿ, "ಕೂಸಿನ್ನ ಕೊಡ್ರಿ" ಅಂದ್ಳು.